ಎರಡು ತಾಸಿನ ಸಡಿಲಿಕೆ

ಆರರಿಂದ ಎಂಟು ಅಂತ ಜೀಪಿನ ಮೈಕು ಕೂಗಿಕೋತ ಹೋಯ್ತು.
ಎರಡು ತಾಸಿನಾಗ ಹಾಲು ತರಬೇಕು,
ಅತ್ತಿಯ ಬೀಪಿ ಗುಳಿಗಿ ತರಬೇಕು,
ದಾಲ್ ಮಿಲ್ಲಿನ ಹಿಂದಿನ ಗಲ್ಲಿಯಾಗ
ನಲವತ್ತೊಂದು ಮನಿ ಮುಟ್ಟಬೇಕು.

ನಾನು ಅಂಗನವಾಡಿ ಟೀಚರು.
ಮಕ್ಕಳಿಗೆ ಮೊಟ್ಟಿ, ಶೇಂಗಾಚಿಕ್ಕಿ, ಅ ಅಂದ್ರ ಅರಸ,
ಅವಗ ಯಾರೂ ಎಂದೂ ದಾಖಲೆ ಕೇಳಿಲ್ಲ.
ಉಳಿದ ಹೊತ್ತಿಗೆ ನಾನು ಬೂತು ನಂಬರ ನೂರಾ ಹದಿನೇಳು.
ಚೀಲದಾಗ ಆರನೇ ನಮೂನೆ, ಏಳನೇ ನಮೂನೆ,
ಒಂದು ಹೆಸರು ಸೇರಸಲಕ್ಕ, ಒಂದು ಅಳಸಲಕ್ಕ.
ಎರಡಕ್ಕೂ ಒಂದೇ ಪೆನ್ನು.

ಟಾಯರು ಸುಟ್ಟ ಕರಿ ಉಂಗುರ
ರಸ್ತಾದ ಮ್ಯಾಲ ಇನ್ನೂ ಅದ.
ಹುಡುಗರು ಅದನ್ನ ಕುಂಟಾಟದ ಮನಿ ಮಾಡಿಕೊಂಡಾರ.

ದಿಲ್ಲಿ ಫೌಜು ಬಂದದ ಅಂದ್ರು.
ನೀಲಿ ಬಟ್ಟಿ, ಗಾಜಿನ ಮಾರಿ.
ತೊಗರಿ ಒಡಿಯೋ ಯಂತ್ರ ನಾಕು ದಿನದಿಂದ ನಿಂತಾವ,
ಅದಕ್ಕೇ ಶಹಾಬಾದಿ ಕಲ್ಲಿನ ಮ್ಯಾಲ ಬೂಟಿನ ಸಪ್ಪಳ
ನೆತ್ತಿಗೆ ಬಡದಂಗ ಕೇಳತದ.

ಮೊದಲನೇ ಮನಿ ಮಾಲನಬೀದು.
ಪಟ್ಟಿಯಾಗ ಮಾಲಿನಿಬಾಯಿ,
ರೇಷನ್ ಕಾರ್ಡಿನಾಗ ಮಲ್ಲಮ್ಮ,
ಆಧಾರಿನಾಗ ಗಂಡಸು.
ಯಾವುದು ಖರೇ ಹೇಳವ್ವಾ ಅಂದ್ರ
ಕಂದೀಲು ಎತ್ತಿ ತನ್ನ ಮಾರಿ ತೋರಸಿದಳು:
ಎಲ್ಲಾರೂ ಕೂಡಿ ಒಂದೇ ಓಟು ಹಾಕ್ತೀವಿ, ಬರಕೋರಿ.

ಹನ್ನೊಂದನೇ ಮನಿ ಘಮಲಿಬಾಯಿದು.
ಮಗ ಥಾವರು ಮೊನ್ನೆ ಬಂದಾನ.
ದೂರದ ಶಹರಿನಾಗ ಸ್ಲ್ಯಾಬ್ ಹಾಕಲಕ್ಕ ಹೋಗಿದ್ದ,
ರಾತ್ರಿ ತಗಡಿನ ಶೆಡ್ಡಿಗೆ ಬ್ಯಾಟರಿ ಹೊಡದು
ಗಡಿ ಆಚಿಂದ ಬಂದೀಯೇನು ಅಂತ ಕೇಳಿದರಂತ.
ಗಾಬರಿಯಾಗಿ ಬಾಯಿಗೆ ಬಂದದ್ದು ತಾಂಡಾದ ಮಾತು.
ಇದು ಯಾವ ದೇಶದ್ದು ಅಂದ್ರಂತ.
ಕಲಬುರ್ಗಿ ಅಂದ್ರ ಫೋನಿನಾಗ ಹುಡುಕಿದರಂತ.
ನಾಕನೇ ದಿನ ಒಂದು ಚೀಟಿ ಕೊಟ್ಟು ಬಿಟ್ಟರು:
ಪರಿಶೀಲನೆ ಮುಗಿದಿದೆ.
ಯಾರು, ಏನು, ಯಾಕ, ಬರದಿಲ್ಲ.
ಅದಕ್ಕ ಲ್ಯಾಮಿನೇಷನ್ ಮಾಡಿಸ್ಯಾನ.
ಬೆನ್ನು ತಿರುಗಿಸಿ ನಿಂತವ ತಟ್ಟನ ಕೇಳಿದ,
ಟೀಚರ್, ಇದು ನಡೀತದೇನು ಓಟಿಗೆ?

ಏನು ಹೇಳಲಿ. ಫೋಟೊ ಎರಡು ತಾ ಅಂದೆ.

ಬೇವಿನ ಗಿಡದ ಬುಡಕ್ಕ ಒಬ್ಬ ಜವಾನ ಗಾಜು ಎತ್ತಿ
ಅಮ್ಮಾ, ಪಾನಿ, ಅಂದ.
ಸಣ್ಣ ಕಣ್ಣು, ಇನ್ನೂ ಮೀಸೆ ಬಲಿತಿಲ್ಲ.
ಎದಿ ಮ್ಯಾಲ ದೀಪೇನ್ ಬೋರೊ ಅಂತ ಪಟ್ಟಿ.
ಅರ್ಧ ಬಾಟಲಿ ಒಂದೇ ಗುಟುಕಿಗೆ ಕುಡಿದು
ನನ್ನ ಹಾಳಿ ನೋಡಿದ.
ನಮ್ಮ ಅವ್ವನ ಹೆಸರು ಬಿಟ್ಟಾರ ಊರಾಗ,
ಹುಟ್ಟಿದಾಗಿಂದ ಅದೇ ಹೊಳಿ ದಂಡಿಮ್ಯಾಲ ಅದಾಳ,
ಹೊಳಿ ಜಾಗಾ ಬದಲಿಸೇದ, ಅವ್ವ ಬದಲಿಸಿಲ್ಲ,
ಅಂತ ಏನೋ ಹಿಂದಿಯಾಗ ಹೇಳಿದ.
ಒಂದು ನಮೂನೆ ಬೇಡಿದ.
ಕನ್ನಡದಾಗ ಅದಪಾ, ಅಲ್ಲಿ ನಡೆಯಂಗಿಲ್ಲ ಅಂದೆ.
ಆದ್ರೂ ನಾಕು ಮಡಿಕಿ ಮಾಡಿ ಎದಿ ಕಿಸೆದಾಗ ಇಟಗೊಂಡ.

ಎಂಟಕ್ಕ ಸೈರನ್ನು.
ಗಾಜು ಇಳಿದಾವ, ಲಾಠಿ ಕಲ್ಲಿಗೆ ಬಡದಾವ,
ಅಂದರ್, ಅಂದರ್, ಅಂತ ಎಲ್ಲಾ ಒಂದೇ ದನಿ.
ನನ್ನ ಚೀಲಕ್ಕ ತಾಗಿದ ಲಾಠಿ ಯಾರದು?
ಎಲ್ಲಾರ ಕಿಸೇನೂ ಉಬ್ಬಿದಂಗ ಕಂಡಾವ.

ಇಪ್ಪತ್ತೊಂಬತ್ತನೇ ಮನಿ ಬಾಗಿಲು ಹಾಕಿತ್ತು.
ಓಡಲಕ್ಕ ಹತ್ತಿದ್ದೆ, ಚಪ್ಪಲಿ ಬಾರು ಕಿತ್ತು,
ಬಗ್ಗಿದಾಗ ನೋಡ್ತೀನಿ
ಬಾಗಿಲ ಸಂದಿಯಿಂದ ಒಂದು ಲೈಟ್ ಬಿಲ್ಲು
ಸರಸರ ಹೊರಗ ಬರಲಕ್ಕ ಹತ್ಯಾದ.
ಅದರ ಮ್ಯಾಲ ಅನ್ನದ ಅಗಳಿಂದ ಅಂಟಿಸಿದ
ಹದಿನೆಂಟು ತುಂಬಿದ ಹುಡುಗಿ ಫೋಟೊ,
ಕಣ್ಣು ಪಿಳಕಿಸದೇ ತೆಗಸಿದ್ದು.
ಬೆರಳಿನ ತುದಿ ಇನ್ನೂ ಸಂದಿಯಾಗೇ ಅದ,
ತಗೊಂಡೆ ಅಂತ ನಾನು ಹೇಳೋತನ.