ನಡುವಿನ ಆರು ವಾರ

ಕೈಕೊಟ್ಟಿದ್ದರೆ ಬಿಡುವುದು ಸುಲಭವಿತ್ತು.
ಕೊಡಲಿಲ್ಲ ಅದು. ಆರು ವರ್ಷ,
ನಾಲ್ಕು ವಾರಕ್ಕೊಮ್ಮೆ, ಕರ್ಕ್‌ವಾಲ್ ಆಸ್ಪತ್ರೆಯ
ಕಿಟಕಿ ಪಕ್ಕದಲ್ಲಿ ಒಂದು ಗಂಟೆ
ತೊಟ್ಟು ತೊಟ್ಟಾಗಿ ಒಳಗಿಳಿದು
ನನ್ನ ಕೈಗಳನ್ನು ನನಗೇ ಬಿಟ್ಟುಕೊಟ್ಟಿತ್ತು.

ನಾನು ಕುರ್ಚಿ ಹೆಣೆಯುವವಳು.
ಈ ಆರ್ಕ್ನಿ ದ್ವೀಪಗಳಲ್ಲಿ ಮರ ಕಡಿಮೆ, ಗಾಳಿ ಜಾಸ್ತಿ.
ಕಡಲು ದಡಕ್ಕೆಸೆದ ಹಲಗೆ ಕೂರಲಿಕ್ಕೆ,
ಓಟ್ಸ್ ಹುಲ್ಲು ಬೆನ್ನಿಗೆ.
ಹಿಡಿ ಹುಲ್ಲು, ಸೂಜಿ, ದಾರ, ಬಿಗಿ.
ಹಿಡಿ ಹುಲ್ಲು, ಸೂಜಿ, ದಾರ, ಬಿಗಿ.

ನನ್ನ ರೋಗದ ಚರಿತ್ರೆ ಬೇಕಿದ್ದರೆ
ಕಡತ ತೆಗೆಯಬೇಡಿ, ಕುರ್ಚಿ ನೋಡಿ.
ಸ್ಟ್ರಾಮ್ನೆಸ್ಸಿನ ಪಾದ್ರಿ ಮನೆಯಲ್ಲಿರುವುದರ
ಒಂಬತ್ತನೇ ಸಾಲು ಡೊಂಕು:
ಆ ವಾರ ಎಡಗೈಯ ಎರಡು ಬೆರಳು
ಉಣ್ಣೆ ಸುತ್ತಿಕೊಂಡಂತಿದ್ದವು.
ಶಾಪಿನ್ಸೆಯ ಮದುವೆಗೆ ಹೋದ ಜೋಡಿಯಲ್ಲಿ
ಒಂದನ್ನು ಮುಗಿಸಿದ್ದು ಒಂದೇ ಕಣ್ಣಿನಿಂದ;
ಇನ್ನೊಂದರಲ್ಲಿ ಕೆಂಪೆಲ್ಲ ಬೂದಿಯಾಗಿತ್ತು.
ಕೊಂಡವರಿಗೆ ಗೊತ್ತಿಲ್ಲ.
ಆಮೇಲಿನ ಆರು ವರ್ಷದ ಕುರ್ಚಿಗಳಲ್ಲಿ
ಏನೂ ಕಾಣುವುದಿಲ್ಲ.
ಆ ಏನೂ ಇಲ್ಲದ್ದೇ ಮದ್ದಿನ ಕೆಲಸ.

ಈಗ ರಕ್ತದಲ್ಲಿ ಒಂದು ಅಂಕಿ ಏರಿದೆ.
ಅರ್ಧ ಊರಿನ ಮೈಯೊಳಗೆ ಸುಮ್ಮನೆ ಮಲಗಿರುವ ವೈರಸ್ಸು
ಕಾವಲು ಸಡಿಲಾದ ನನ್ನ ಮಿದುಳಿಗೆ
ಹತ್ತಿ ಬರಬಹುದಂತೆ. ಬರದಿರಲೂಬಹುದು.
ನರ್ಸ್ ಬ್ರೀಟಾ ಕಾಗದ ತಿರುಗಿಸಿ ತೋರಿಸಿದಳು.
ಅವಳ ತಾಯಿಗೂ ಇದೇ ಇತ್ತು; ನಮ್ಮಲ್ಲಿ
ಈ ರೋಗಕ್ಕೆ ಯಾರೂ ಪರಿಚಯ ಹೇಳಬೇಕಿಲ್ಲ,
ಪ್ರತಿ ದಾರಿಯಲ್ಲೂ ಅದರದೊಂದು ಮನೆಯಿದೆ.
"ಸಾವಿರಕ್ಕೆ ಇಷ್ಟು ಜನ," ಅಂದಳು.
"ಅಷ್ಟೇನಾ?" ಅಂದೆ.
"ಅದರಲ್ಲಿ ನೀನಿದ್ದರೆ ನಿನಗೆ ಸಾವಿರಕ್ಕೆ ಸಾವಿರ."

ಹೊಳೆ ದಾಟಿದ ಮೇಲೆ ಅಂಬಿಗನ ಮರೆತವರುಂಟು.
ನನಗೆ ನಟ್ಟನಡುವೆಯೇ ದೋಣಿ ಬದಲಿಸು ಅನ್ನುತ್ತಾರೆ.
ಹಳೆಯದರಿಂದ ಎತ್ತಿದ ಕಾಲು
ಹೊಸದರಲ್ಲಿ ಊರುವ ಮೊದಲು
ಆರು ವಾರ ಗಾಳಿಯಲ್ಲಿ.

ಎರ್ಲೆಂಡ್ ಏಡಿಬುಟ್ಟಿ ಇಳಿಸುವವನು, ಅವನಿಗೆ
ಎಲ್ಲದಕ್ಕೂ ಕಡಲೇ ಉತ್ತರ.
"ಇಳಿತ ಅಂದುಕೋ. ಮತ್ತೆ ಉಬ್ಬರ ಬಂದೇ ಬರುತ್ತೆ."
ಸಿಟ್ಟು ಬಂತು. ಇಳಿತಕ್ಕೆ ಪಟ್ಟಿಯಿದೆ,
ಗಂಟೆ ನಿಮಿಷ ಸಮೇತ ಅಡುಗೆಮನೆ ಗೋಡೆಯಲ್ಲಿ ತೂಗುತ್ತದೆ.
ನನ್ನ ನರಗಳ ಪಟ್ಟಿಯನ್ನು
ಯಾವ ಪ್ರೆಸ್ಸಿನವನು ಅಚ್ಚುಹಾಕಿದ್ದಾನೆ?

ಮೂರನೇ ವಾರ. ಏಳುವ ಮೊದಲು
ಹಾಸಿಗೆಯಲ್ಲೇ ಬೆರಳುಗಳ ಹಾಜರಿ.
ನಾಲ್ಕನೇ ವಾರ ನನ್ನ ಕೈಯಿಂದ ಚಮಚ ಬಿತ್ತು.
ಬೆಣ್ಣೆ ಮೆತ್ತಿದ ಕೈ, ಬೀಳುವುದೇ.
ಇಬ್ಬರೂ ಮಾತು ನಿಲ್ಲಿಸಿದೆವು.
ಇಬ್ಬರೂ ಚಮಚ ನೋಡಲಿಲ್ಲ.
ಐದನೇ ವಾರ ಬಲ ಹಿಮ್ಮಡಿ ಜುಮ್ಮೆಂದಿತು.
ರೋಗವಿರಬಹುದು, ಹೊಸ ಬೂಟೂ ಇರಬಹುದು.
ಬೂಟು ಬಿಚ್ಚಿ ಒಲೆಯ ಪಕ್ಕ ಇಟ್ಟು
ಅದನ್ನೇ ದಿಟ್ಟಿಸಿದೆ, ತಪ್ಪೊಪ್ಪಿಕೊಳ್ಳುವುದೇನೋ ಎಂಬಂತೆ.

ಹಳೆಯದಕ್ಕೆ ಕೊನೆಯ ದಿನ
ಏನಾದರೂ ಹೇಳಬೇಕೆಂದಿದ್ದೆ. ಚೀಲ ಖಾಲಿಯಾಯಿತು,
ವೆಸ್ಟ್ರೆಯ ದೋಣಿಗೆ ಹೊತ್ತಾಗಿತ್ತು,
ಓಡಿದೆ. ಓಡಿದ್ದೇ ವಂದನೆ ಎಂದುಕೊಳ್ಳಲಿ.

ಹೊಸದು ವರ್ಷಕ್ಕೆರಡೇ ಸಲ,
ಮೊದಲ ಸಲ ಮಾತ್ರ ಅರ್ಧರ್ಧ.
ಈ ಬಾರಿ ಕುರ್ಚಿ ಗೋಡೆಯ ಕಡೆ.
ಗಂಟಲು ತುರಿಸಿತು, ಬ್ರೀಟಾ ತೊಟ್ಟಿನ ವೇಗ ತಗ್ಗಿಸಿದಳು,
ನಾನು ತೂಕಡಿಸಿದೆ. ಇಷ್ಟೇ ನಡೆದದ್ದು.
ನೆಗಡಿಯಾದರೂ ಫೋನ್ ಮಾಡು ಅಂದಳು.

ಈ ಆರು ವಾರದಲ್ಲಿ ಹೆಣೆದದ್ದು
ಮಗುವೊಂದರ ಕುರ್ಚಿ.
ಹದಿನಾಲ್ಕನೇ ಸಾಲು ಎಡಕ್ಕೆ ಒಂದು ಎಳೆ ವಾಲಿದೆ.
ಕೈಯೋ, ಹುಲ್ಲು ಹಸಿಯಿತ್ತೋ.
ಬೆಳಕಿಗೆ ಹಿಡಿದೆ, ಎರ್ಲೆಂಡನಿಗೂ ತೋರಿಸಿದೆ.
ಬಿಚ್ಚಲಿಲ್ಲ.
ಹದಿನೈದನೆಯದಕ್ಕೆ ದಾರ ಪೋಣಿಸುತ್ತಿದ್ದೇನೆ.