ಮೇಸ್ತ್ರಿ

ಅಪ್ಪನಿಗೊಬ್ಬ ಮೇಸ್ತ್ರಿ, ವಾಸ್ಕೋ ಸೈಟಿನಲ್ಲಿ.
ನನಗೊಬ್ಬ ಮೇಸ್ತ್ರಿ, ಅನಾಕ್ಲೆತ್, ಪಣಜಿಯಲ್ಲಿ.
ಸಂಗೀತ ಕಲಿಸುವವನಿಗೂ ಗೋವೆಯಲ್ಲಿ ಅದೇ ಹೆಸರು.
ಇಬ್ಬರೂ ಬೈಯುವುದು ಅಳತೆ ತಪ್ಪಿದರೆ.

ಶನಿವಾರ, ಕದಂಬ ಬಸ್ಸು, ಜುವಾರಿಯ ಸೇತುವೆ.
ಹೆಸರು ಬರೆಸಿದ್ದು ವಯೋಲಿನ್‌ಗೆ. ಮುಗಿದಿದ್ದವು.
ಉಳಿದದ್ದು ಇದು:
ದಾರಕ್ಕೆ ತೂಗಿದ ಮೂರು ಮೂಲೆಯ ಉಕ್ಕು.

ಅಪ್ಪ ತಿರುವಿ ತಿರುವಿ ನೋಡಿದ.
‘ಹತ್ತು ಎಂ.ಎಂ. ಸರಳು.
ಒಂದ್ ಮೂಲಿ ಕೂಡೇ ಇಲ್ಲಲ್ಲ,
ಯಾವನ್ ಬಗ್ಗಿಸ್ಯಾನ ಇದನ್ನ?’
‘ಕೂಡಿದ್ರ ದನಿ ಬರೂದಿಲ್ಲಪ್ಪ.’
ಅವನಿಗೆ ನಂಬಿಕೆಯಾಗಲಿಲ್ಲ.

ಡಿಸೆಂಬರಿನ ಕಾರ್ಯಕ್ರಮ.
ಅರವತ್ತೊಂದು ಬಾರ್ ಸುಮ್ಮನಿರಬೇಕು,
ಅರವತ್ತೆರಡಕ್ಕೆ ಒಂದೇ ಏಟು.
ಪಕ್ಕದ ಝೆಲಿಯಾ ಕೊಂಕಣಿಯಲ್ಲಿ ಎಣಿಸುತ್ತಾಳೆ.
ನಾನು, ಅವ್ವ ಸೇರಿನಲ್ಲಿ ಜೋಳ ಅಳೆಯುವ ಹಾಗೆ:
ಲಾಭ, ಎರಡು, ಮೂರು...
ಮೂವತ್ತರ ಹತ್ತಿರ ಚೆಲ್ಲೊಗಳು ಒಮ್ಮೆಲೇ ಎದ್ದು
ಎಣಿಕೆಯ ಮೇಲೆ ನಡೆದುಹೋಗುತ್ತವೆ.
ಹಿಡಿದುಕೊಂಡೆ. ಹಿಡಿದುಕೊಂಡೆನೇ?

ಗೋಡೆಯ ಪಕ್ಕ, ಕೊನೆಯ ಸಾಲಲ್ಲಿ, ಇಸ್ತ್ರಿಯ ಅಂಗಿಯ ಅಪ್ಪ.
ಕಣ್ಣು ನನ್ನ ಕೈಮೇಲೆ,
ಹೆಬ್ಬೆರಳು ಗೆಣ್ಣಿಂದ ಗೆಣ್ಣಿಗೆ ಸರಿಯುತ್ತಿದೆ,
ತುಟಿ ಅಲುಗುತ್ತಿದೆ.

ಐವತ್ತೊಂಬತ್ತು, ಅಂದೆ ನಾನು ಒಳಗೇ.
ಅವನ ತುಟಿ ಅರವತ್ತೆಂದಿತು.

ಮೇಸ್ತ್ರಿ ನನ್ನ ಕಡೆ ತಿರುಗಿ
ಕೈ ಎತ್ತಿದ.