ಪ್ರಶ್ನೆ ಇಪ್ಪತ್ತೇಳು

"ಹೊಳೆಯ ಓಟಕ್ಕೆ ಸಿಗದೆ, ಬದಿಗೆ ಸರಿದು
ಸುಮ್ಮನೆ ನಿಂತ ನೀರಿಗೆ ನಿಮ್ಮ ಕಡೆ ಏನಂತಾರೆ?"
ಓದಿ ಹೇಳಿದೆ. ಟೇಪು ತಿರುಗುತ್ತಿತ್ತು.
ಆರ್ಡಿಸ್ ಕ್ವಾಮೆ ಮೀನಿನ ಹೊಟ್ಟೆ ಸೀಳುತ್ತಿದ್ದವಳು
ತಲೆ ಎತ್ತಲಿಲ್ಲ.
"ನೀರು ಅಂತೀವಿ."

ವಿಸ್ಕಾನ್ಸಿನ್ ದಂಡೆ. ಮಿಸಿಸಿಪ್ಪಿ ಇಲ್ಲಿ
ಒಂದೇ ಹೊಳೆಯಾಗಿರಲು ಬೇಸರವಾಗಿ
ಕವಲಾಗಿ, ಕೊರಕಲಾಗಿ, ವಿಲೋ ಬುಡಗಳ ನಡುವೆ
ದಾರಿ ಮರೆತವಳ ಹಾಗೆ ಅಡ್ಡಾಡುತ್ತದೆ.
ಅರವತ್ತಾರರ ಫೆಬ್ರವರಿ. ನಿಘಂಟಿನವರ ಹಳೆಯ ವ್ಯಾನು,
ಚೀಟಿಗಳ ಡಬ್ಬ, ಹೆಪ್ಪುಗಟ್ಟಿದ ಇಂಕು,
ಸಾವಿರದ ಮೇಲೆ ಪ್ರಶ್ನೆ.

ಸ್ವಲ್ಪ ಹೊತ್ತಿಗೆ ತಾನೇ ಬಾಯಿಬಿಟ್ಟಳು:
"ಹೊಳೆಯ ಕಡೆ ಬಾಯಿ ತೆರೆದಿದ್ದರೆ ಸ್ಲೂ.
ಬಾಯಿ ಕಟ್ಟಿದರೆ ಕೆರೆ.
ಬ್ಯಾಕ್‌ವಾಟರ್ ಅನ್ನೋದು ಪೇಪರಿನವರ ಮಾತು."
ಚಾಕುವಿನ ತುದಿಯಿಂದಲೇ ಗೋಡೆ ತೋರಿಸಿದಳು.
ಅಲ್ಲಿ ಮೊಳೆಗೆ ಸಿಕ್ಕಿಸಿದ ಹಳದಿ ತುಣುಕು:
ಗುಂಡಿ ಫ್ಯಾಕ್ಟರಿ ಮುಚ್ಚಿದ ವರ್ಷ ಯಾರೋ ಬಂದು
ಮಧ್ಯಾಹ್ನದ ಊಟ ಮಾಡಿ, ಹೋಗಿ ಬರೆದದ್ದು.
ಊರಿನ ಹೆಸರೂ ತಪ್ಪು. ಆ ಪದ ಮಾತ್ರ
ಕಾಗುಣಿತ ಸರಿಯಾಗಿ, ಎರಡು ಸಲ.

ಮೇಜಿನ ಖಾನೆ ಎಳೆದಳು. ತುಂಬ ಚಿಪ್ಪು,
ಒಂದೊಂದರಲ್ಲೂ ಐದಾರು ದುಂಡು ತೂತು.
"ನಿಮ್ಮಪ್ಪನ ಅಂಗಿ ಮುಚ್ಚಿದ್ದು ಈ ತೂತುಗಳು.
ಕೇಳಿ ನೋಡಿ ಅವರನ್ನ."

ನನ್ನ ಹತ್ತಿರ ಹಳೆಯ ಅರ್ಥವೊಂದಿತ್ತು, ಓದಿದೆ:
ಗಿರಣಿಯ ಚಕ್ರಕ್ಕೆ ಎದುರಾಗಿ ಹಿಂದೊತ್ತಿ ಬಂದು
ಅದನ್ನು ತಿರುಗಗೊಡದ ನೀರು.
"ಓ, ಅದಾ," ಅಂದಳು, "ಸರ್ಕಾರ ಅಣೆಕಟ್ಟು ಹಾಕಿದಾಗ
ಅಪ್ಪನ ಹುಲ್ಲುಗಾವಲಿಗೆ ಬಂದದ್ದು ಅದೇ.
ಬೇಲಿಗೂಟದ ತಲೆ ಮೂರು ಬೇಸಿಗೆ ಕಾಣ್ತಿತ್ತು.
ನಾಲ್ಕನೇ ಬೇಸಿಗೆ ಕಾಣಲಿಲ್ಲ."

ಒಲೆಯ ಹಿಂದೆ ಗಂಡ, ಆರಿನ್, ಹುಟ್ಟು ಒರೆಸುತ್ತಿದ್ದ.
ದೋಣಿ ಬೊಡ್ಡೆಗೆ ಬಡಿಯುವ ಹೊತ್ತಿಗೆ
ಹುಟ್ಟನ್ನು ಹಿಮ್ಮುಖ ತಳ್ಳುವುದಕ್ಕೂ
ಅದೇ ಪದವಂತೆ, ಹಾಗೆ ಕೂಗುತ್ತಾರಂತೆ.
ಅವನು ಹೇಳಿ ಮುಗಿಸುವ ಮೊದಲೇ ಅವಳು:
"ಮದುವೆಗೆ ಮುಂಚೆ ಚಿಕಾಗೋ ತೋರಿಸ್ತೀನಿ ಅಂದಿದ್ದ.
ಆಮೇಲೆ ಬ್ಯಾಕ್ ವಾಟರ್ ಹಾಕಿದ."
ಆರಿನ್ ಕೆಮ್ಮಿದ.
ಬರೆದುಕೊಂಡೆ: ಕ್ರಿಯಾಪದ. ಕೊಟ್ಟ ಮಾತಿನಿಂದ ಹಿಂದೆ ಸರಿ.
ಉದಾಹರಣೆ: ಒಬ್ಬಳು ಹೆಂಡತಿ, ನಲವತ್ತು ವರ್ಷದ ನಂತರವೂ.

ನಿಂತ ನೀರು ನಾರುತ್ತದೆ ಎನ್ನುತ್ತೇವೆ.
ಮಂಜುಗಡ್ಡೆಯ ಕೆಳಗೆ ಮೂಸಿ ನೋಡಿದವರು ಯಾರು?
ಅವಳು ನನ್ನನ್ನು ಎಳೆದುಕೊಂಡೇ ಹೋದಳು,
ಗಂಡನ ಬೂಟು ನನ್ನ ಕಾಲಿಗೆ ಹಾಕಿಸಿ.
ಒಂದು ತೂತು ಕೊರೆದಳು. ಗಾಳದ ದಾರಕ್ಕೆ
ಜ್ವರ ನೋಡುವ ಕಡ್ಡಿಯಂಥದ್ದೊಂದು ಕಟ್ಟಿ ಇಳಿಬಿಟ್ಟು
ತುಟಿ ಅಲ್ಲಾಡಿಸುತ್ತ ಎಣಿಸಿದಳು.
"ಅಲ್ಲಿ, ದೊಡ್ಡ ಹೊಳೆಯಲ್ಲಿ, ಮೂವತ್ತೆರಡು.
ಇಲ್ಲಿ ತಳದಲ್ಲಿ ಮೂವತ್ತೆಂಟು."
ಆರು ಡಿಗ್ರಿ.
ಅಷ್ಟಕ್ಕಾಗಿ ಬ್ಲೂಗಿಲ್ ಮೀನುಗಳು
ಎಲೆ ಉದುರುವ ಕಾಲಕ್ಕೇ ಹೊಳೆ ಬಿಟ್ಟು ಬರುತ್ತವೆ,
ಗುಂಪುಗುಂಪಾಗಿ, ಸದ್ದಿಲ್ಲದೆ,
ಓಟಕ್ಕೆ ಎದುರು ಈಜಿ ಈಜಿ
ಮೈಯ ಕೊಬ್ಬು ಕರಗಿ ಸಾಯುವ ಬದಲು
ಇಲ್ಲಿ ಕೆಸರಿನ ಮೇಲೆ ರೆಕ್ಕೆಯಷ್ಟೇ ಆಡಿಸುತ್ತ
ಮಾರ್ಚ್ ಬರಲೆಂದು ಇರುತ್ತವೆ.

ಚೀಟಿಯಲ್ಲಿ ಜಾಗ ಮೂರಿಂಚು.
ನಾಮಪದ ಒಂದು, ನಾಮಪದ ಎರಡು (ಹೀನಾರ್ಥ).
ಇದನ್ನು ಯಾವ ಅಂಕಿಯ ಕೆಳಗೆ ಬರೆಯಲಿ?
ಕೈ ಮರಗಟ್ಟಿತ್ತು, ಏನೂ ಬರೆಯಲಿಲ್ಲ.

"ನಿಮ್ಮದು ಯಾವೂರು?"
"ಚಿಕಾಗೋ."
ಅವಳು ಆರಿನ್ನನ ಮನೆಯ ಕಡೆ ಒಮ್ಮೆ ನೋಡಿದಳು.
"ಅಲ್ಲಿ ನಿಂತ ನೀರಿಗೆ ಏನಂತೀರಿ?"
"ನಿಲ್ಲೋಕೆ ಬಿಡೋದಿಲ್ಲ."
"ಮತ್ತೆ ಚಳಿಗಾಲಕ್ಕೆ ಅವು ಎಲ್ಲಿಗೆ ಹೋಗ್ತಾವೆ?"

ಮೀನುಗಳನ್ನೇ ಕೇಳಿದಳು ಅಂದುಕೊಂಡೆ.
ಹೊರಡುವಾಗ ಎರಡನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಳು.
ಅದೇ ಪತ್ರಿಕೆ, ಹೊಸ ತಾರೀಕು.
ವ್ಯಾನಿನ ಹೀಟರು ಕೆಟ್ಟಿತ್ತು.
ಪ್ರಶ್ನೆ ಇಪ್ಪತ್ತೆಂಟು ಕೇಳುವುದು ಮರೆತೇಹೋಗಿತ್ತು.